ಪದಕ ನೋಡಿ ಅಲ್ಲ, ಹೆಗಲು ನೋಡಿ ಕೋವಿ ಆರಿಸಿ

ಕಳೆದ ವರ್ಷ ಕೈಲ್‌ಪೊಳ್ದ್ ಹಬ್ಬದ ದಿನ ನಮ್ಮೂರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನನ್ನ ಚಿಕ್ಕಪ್ಪನ ಮಗಳು ಅಜ್ಜನ ಜೋಡಿ ನಳಿಕೆಯ ಕೋವಿ ಹಿಡಿದು ಮೊದಲ ಗುಂಡಿಗೇ ಕಾಯಿ ಒಡೆದಳು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ರಾತ್ರಿ ನೋಡಿದರೆ ಅವಳ ಬಲ ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಹರಳೆಣ್ಣೆ ಬಿಸಿ ಮಾಡಿ ಹಚ್ಚುತ್ತಾ ಬೈದದ್ದು ಅವಳನ್ನಲ್ಲ, ಕೋವಿಯನ್ನು.

ಅಂದಿನಿಂದ ಅವಳಿಗೆ ಕ್ಲೇ ಟಾರ್ಗೆಟ್ ಶೂಟಿಂಗ್ ಹುಚ್ಚು. ಸ್ವಂತ ಕೋವಿ ಬೇಕು ಅಂದಾಗ ಮನೆಯಲ್ಲಿ ಚರ್ಚೆ ಶುರುವಾಯಿತು. ದೊಡ್ಡಪ್ಪನದು ಒಂದೇ ಮಾತು: ‘ಒಲಿಂಪಿಕ್ಸ್‌ನಲ್ಲಿ ಎಲ್ಲರ ಕೈಲೂ ಇರೋದು ಓವರ್-ಅಂಡರ್. ತಗೊಂಡರೆ ಅದನ್ನೇ ತಗೋಬೇಕು. ಕಾಳುಮೆಣಸಿನ ದುಡ್ಡು ಇದೆಯಲ್ಲ.’ ಆ ದುಡ್ಡು ಅವಳ ಸ್ನಾತಕೋತ್ತರ ಓದಿಗೆಂದು ಎತ್ತಿಟ್ಟದ್ದು. ಹಾಗಾಗಿ ಇದು ಬರೀ ಕೋವಿಯ ಪ್ರಶ್ನೆಯಾಗಿ ಉಳಿಯಲಿಲ್ಲ.

ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ. ಒಂದರ ಮೇಲೊಂದು ನಳಿಕೆ ಇರುವ ಓವರ್-ಅಂಡರ್ ಕೋವಿಯೇ ದೊಡ್ಡ ಸ್ಪರ್ಧಿಗಳ ಆಯ್ಕೆ. ಆದರೆ ಅವರು ಅಲ್ಲಿಗೆ ತಲುಪಿದ್ದು ಸಾವಿರಾರು ಗುಂಡು ಹೊಡೆದ ಮೇಲೆ. ಮೊದಲ ಸಾವಿರ ಗುಂಡು ಇನ್ನೂ ಹೊಡೆಯದವರಿಗೆ ಅರೆ ಸ್ವಯಂಚಾಲಿತ ಕೋವಿ, ಅಂದರೆ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್, ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಯಾಕೆ ಅಂತೀರಾ? ಈ ಆಟದಲ್ಲಿ ಹಾರಿ ಬರುವ ತಟ್ಟೆಯ ಅಗಲ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಟ್ರ್ಯಾಪ್ ವಿಭಾಗದಲ್ಲಿ ಒಂದು ಸುತ್ತಿಗೆ 25 ತಟ್ಟೆ, ಅರ್ಹತಾ ಹಂತದಲ್ಲಿ ಒಟ್ಟು 125. ಅಭ್ಯಾಸದ ದಿನ ನಾಲ್ಕು ಸುತ್ತು ಆಡಿದರೂ ಹೆಗಲಿಗೆ ಕನಿಷ್ಠ ನೂರು ಒದೆತ. ಪೆಟ್ಟು ತಿಂದ ಹೆಗಲು ಬೇಗ ಪಾಠ ಕಲಿಯುತ್ತದೆ, ಆದರೆ ತಪ್ಪು ಪಾಠ. ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ತೋಳು ಬಿಗಿಯುತ್ತದೆ. ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸಲು ತಿಂಗಳುಗಳೇ ಬೇಕು.

ಅರೆ ಸ್ವಯಂಚಾಲಿತ ಕೋವಿಯಲ್ಲಿ ಎರಡು ಬಗೆ. ಗ್ಯಾಸ್ ಬಗೆಯದರಲ್ಲಿ ಗುಂಡು ಹಾರಿದಾಗ ಹುಟ್ಟುವ ಅನಿಲದ ಒಂದಿಷ್ಟು ಭಾಗ ಪಿಸ್ಟನ್ ತಳ್ಳಿ, ಖಾಲಿ ತೋಟೆ ಹೊರಗೆಸೆದು ಮುಂದಿನದನ್ನು ತುಂಬುತ್ತದೆ. ಒದೆತ ಒಮ್ಮೆಲೇ ಬಡಿಯದೆ ತುಸು ಹೊತ್ತು ಹಂಚಿ ಬರುವುದರಿಂದ ಮೃದುವೆನಿಸುತ್ತದೆ. ಇನರ್ಷಿಯಾ ಬಗೆಯದು ಒದೆತದ ಬಲದಿಂದಲೇ ನಡೆಯುತ್ತದೆ. ಅದು ಹಗುರ, ಒಳಗೆ ಮಸಿಯೂ ಕಡಿಮೆ. ಆದರೆ ಹೆಗಲಿಗೆ ಪೆಟ್ಟು ಹೆಚ್ಚು. ಹೊಸಬರಿಗೆ ಗ್ಯಾಸ್ ಬಗೆಯದೇ ಒಳ್ಳೆಯದು. ತೂಕ ತುಸು ಹೆಚ್ಚಿದ್ದರೆ ಬೇಸರ ಬೇಡ, ಆ ತೂಕವೂ ಒದೆತ ನುಂಗುತ್ತದೆ. ಅಂತರರಾಷ್ಟ್ರೀಯ ನಿಯಮಗಳು ನಿಷೇಧಿಸಿರುವುದು ಪಂಪ್ ಆ್ಯಕ್ಷನ್ ಕೋವಿಯನ್ನು, ಇದನ್ನಲ್ಲ.

ಹಾಗಂತ ಕೊರತೆ ಇಲ್ಲವೇ? ಇದೆ. ಒಂದೇ ನಳಿಕೆ ಇರುವುದರಿಂದ ಎರಡು ಗುಂಡಿಗೂ ಒಂದೇ ಚೋಕ್. ಓವರ್-ಅಂಡರ್‌ನಲ್ಲಿ ಹತ್ತಿರಕ್ಕೊಂದು, ದೂರಕ್ಕೊಂದು ಚೋಕ್ ಇಟ್ಟುಕೊಳ್ಳಬಹುದು. ಖಾಲಿ ತೋಟೆ ಪಕ್ಕಕ್ಕೆ ಹಾರಿ ಸಾಲಿನಲ್ಲಿ ನಿಂತವರಿಗೆ ಕಿರಿಕಿರಿಯಾಗುತ್ತದೆ. ಗ್ಯಾಸ್ ಕೋವಿಯನ್ನು ಆಗಾಗ ಬಿಚ್ಚಿ ತೊಳೆಯದಿದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ. ಓವರ್-ಅಂಡರ್ ಮಡಚಿ ತೆರೆದರೆ ಖಾಲಿ ಇರುವುದು ದೂರದಿಂದಲೇ ಕಾಣುತ್ತದೆ. ಇದರಲ್ಲಿ ಬೋಲ್ಟ್ ಹಿಂದೆಳೆದು ತೆರೆದೇ ಇಡುವ ಶಿಸ್ತನ್ನು ನಾವೇ ಕಲಿಯಬೇಕು. ಸ್ಪರ್ಧೆಯ ತೋಟೆಯಲ್ಲಿ ಚರೆಯ ತೂಕ 24 ಗ್ರಾಂ ಮಾತ್ರ. ಕೆಲವು ಕೋವಿಗಳು ಅಷ್ಟು ಹಗುರ ತೋಟೆಗೆ ಸರಿಯಾಗಿ ಓಡುವುದಿಲ್ಲ. ಆದ್ದರಿಂದ ಅದೇ ತೋಟೆ ಹಾಕಿ ನೋಡದೆ ಮುಂಗಡ ಕೊಡಬೇಡಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ಕೋವಿ ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ತರಬೇತುದಾರರ ಎದುರಲ್ಲಿ, ಸುರಕ್ಷಿತ ದಿಕ್ಕಿಗೆ ತಿರುಗಿ ಕಣ್ಣು ಮುಚ್ಚಿ ಹೆಗಲಿಗೇರಿಸಿ. ಕಣ್ಣು ಬಿಟ್ಟಾಗ ನೋಟ ನಳಿಕೆಯ ಮೇಲ್ಪಟ್ಟಿಯ ಉದ್ದಕ್ಕೂ ನೇರವಾಗಿ ತುದಿಯ ಮಣಿಗೆ ಹೋದರೆ ಆ ಕೋವಿ ನಿಮ್ಮದು. ಕುತ್ತಿಗೆ ಚಾಚಬೇಕಾಗಿ ಬಂದರೆ ಎಷ್ಟೇ ದೊಡ್ಡ ಹೆಸರಿನದಾದರೂ ಅದು ಬೇರೆಯವರದು. ಅನೇಕ ಅರೆ ಸ್ವಯಂಚಾಲಿತ ಕೋವಿಗಳ ಜತೆ ಸ್ಟಾಕ್‌ನ ಏರಿಳಿತ ಹೊಂದಿಸುವ ತೆಳು ಬಿಲ್ಲೆಗಳು ಬರುತ್ತವೆ. ಸಣ್ಣ ಮೈಕಟ್ಟಿನವರಿಗೆ ಇದು ದೊಡ್ಡ ಅನುಕೂಲ. ಅಜ್ಜನ ಕೋವಿ ತಂಗಿಯ ಹೆಗಲನ್ನು ನೋಯಿಸಿದ್ದು ಅದು ಕೆಟ್ಟದೆಂದಲ್ಲ. ಅದು ಅಜ್ಜನ ಅಳತೆಯದು, ಅಷ್ಟೇ.

ಕಾನೂನಿನ ಮಾತೂ ಇದೆ. ಸ್ವಂತ ಪರವಾನಗಿಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ತರಬೇತಿಯಲ್ಲಿ ಮೇಲ್ವಿಚಾರಣೆಯಡಿ ಅಭ್ಯಾಸ ಮಾಡಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಅದನ್ನು ನಂಬಿ ಯಾವ ಕೋವಿ ಬೇಕಾದರೂ ತರಬಹುದು ಅಂದುಕೊಳ್ಳಬೇಡಿ. ನೀವು ನೋಡಿರುವ ಮಾದರಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಅಧಿಕಾರಿಗಳಿಂದ ಮೊದಲು ಲಿಖಿತವಾಗಿ ತಿಳಿದುಕೊಳ್ಳಿ.

ಕ್ರೀಡಾ ಕೋಟಾದಲ್ಲಿ ಕೆಲಸ ಸಿಗಬಹುದೆಂಬ ಆಸೆಯಿಂದ ಸಾಲ ಮಾಡಿ ಕೋವಿ ಕೊಳ್ಳಲು ಹೊರಟ ಗೆಳೆಯರನ್ನೂ ಕಂಡಿದ್ದೇನೆ. ಕೋಟಾದಲ್ಲಿ ಕೇಳುವುದು ಸ್ಪರ್ಧೆಯ ಸಾಧನೆಯನ್ನು, ಕೋವಿಯ ರಸೀದಿಯನ್ನಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಜೋಡಿ ಮಿಶ್ರ ಸ್ಕೀಟ್‌ನಲ್ಲಿ ಕಂಚು ಕಳೆದುಕೊಂಡದ್ದು ಒಂದೇ ಅಂಕದಿಂದ. ಆ ಒಂದು ಅಂಕ ಅಂಗಡಿಯಲ್ಲಿ ಸಿಗುವುದಿಲ್ಲ, ಅಭ್ಯಾಸದಲ್ಲೇ ಸಿಗಬೇಕು. ಅಭ್ಯಾಸಕ್ಕೆ ಬೇಕಾದದ್ದು ತೋಟೆ, ತೋಟೆಗೆ ಬೇಕಾದದ್ದು ದುಡ್ಡು. ಇದ್ದದ್ದನ್ನೆಲ್ಲ ಕೋವಿಗೇ ಸುರಿದರೆ ತೋಟೆ ಎಲ್ಲಿಂದ ಬರಬೇಕು?

ಕೊನೆಗೆ ಕಾಳುಮೆಣಸಿನ ದುಡ್ಡು ಓದಿಗೇ ಉಳಿಯಿತು. ತಂಗಿ ಈಗ ರಜೆಯಲ್ಲಿ ಕ್ಲಬ್‌ಗೆ ಹೋಗಿ ಅಲ್ಲಿನದೇ ಹಳೆಯ ಗ್ಯಾಸ್ ಕೋವಿಯಲ್ಲಿ ಅಭ್ಯಾಸ ಮಾಡುತ್ತಾಳೆ. ಮೊದಲ ದಿನ 25ರಲ್ಲಿ ಆರು ತಟ್ಟೆ ಒಡೆದವಳು ಮೊನ್ನೆ ಹದಿನೇಳಕ್ಕೆ ಬಂದಿದ್ದಾಳೆ. ದೊಡ್ಡಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಅಜ್ಜಿ ಮಾತ್ರ ಅವಳು ಮನೆಗೆ ಬಂದಾಗಲೆಲ್ಲ ಹೆಗಲು ಮುಟ್ಟಿ ನೋಡುತ್ತಾರೆ. ಈಚೆಗೆ ಹರಳೆಣ್ಣೆಯ ಕೆಲಸ ಬಿದ್ದಿಲ್ಲ.