ಬೆಳ್ಳಗಿರುವುದೆಲ್ಲ ಹಾಲಲ್ಲ



ಮದುವೆಯ ಕಾಲ ಬಂದಿತೆಂದರೆ ಛತ್ರ, ಅಡಿಗೆಯವರು, ವಾಲಗದವರು, ಫೋಟೋದವರು ಎಂಬ ಪಟ್ಟಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಾಬು ಸೇರಿಕೊಂಡಿದೆ: ಹಲ್ಲು ಬಿಳಿ ಮಾಡಿಸುವುದು. ಒಂದು ಗಂಟೆಯಲ್ಲಿ ಮುತ್ತಿನಂಥ ನಗು ಕೊಡುತ್ತೇವೆಂಬ ಫಲಕಗಳು ಸಣ್ಣ ಪೇಟೆಗಳಲ್ಲೂ ತೂಗುತ್ತಿವೆ. ಆ ಒಂದು ಗಂಟೆಯ ಬಗೆಗೆ ನನ್ನ ತಕರಾರಿಲ್ಲ. ಆಮೇಲಿನ ಎರಡು ದಿನ, ಎರಡು ವಾರ, ಎರಡು ವರ್ಷಗಳ ಬಗೆಗೆ ಆ ಫಲಕಗಳು ತುಟಿ ಬಿಚ್ಚುವುದಿಲ್ಲವಲ್ಲ, ಅದು ನನ್ನ ತಕರಾರು. ಆರೈಕೆಯ ಮಾತನ್ನು ಹೇಳದೆ ಬಿಳುಪನ್ನು ಮಾರುವುದು ಅರ್ಧ ಚಿಕಿತ್ಸೆ. ಪೂರ್ತಿ ಹಣ ಪಡೆದು ಅರ್ಧ ಚಿಕಿತ್ಸೆ ಕೊಡುವುದನ್ನು ವ್ಯಾಪಾರವೆನ್ನಬಹುದು, ವೈದ್ಯವೆನ್ನಲಾಗದು.

ಮೊದಲು ಹಲ್ಲಿನ ಬಣ್ಣದ ವಿಚಾರವನ್ನು ಇತ್ಯರ್ಥ ಮಾಡೋಣ. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಸುಮಾರು ಶೇಕಡಾ 96ರಷ್ಟು ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಪ್ರಧಾನವಾದ ಖನಿಜ. ಅದು ಗಾಜಿನಂತೆ ಸ್ವಲ್ಪ ಬೆಳಕನ್ನು ಒಳಬಿಡುತ್ತದೆ. ಅದರಡಿಯ ಡೆಂಟೀನ್ ಎಂಬ ಪದರ ಹುಟ್ಟಾ ತೆಳುಹಳದಿ. ಆದುದರಿಂದ ಆರೋಗ್ಯವಂತನ ಹಲ್ಲು ದಂತದ ಬಣ್ಣದ್ದು, ಸುಣ್ಣದ ಬಣ್ಣದ್ದಲ್ಲ. ವಯಸ್ಸಾದಂತೆ ಎನಾಮೆಲ್ ಸವೆದು ತೆಳುವಾಗುತ್ತದೆ, ಒಳಗಿನ ಹಳದಿ ಹೆಚ್ಚು ಕಾಣುತ್ತದೆ. ಸವೆದ ಎನಾಮೆಲನ್ನು ದೇಹ ಮತ್ತೆ ಬೆಳೆಸಿಕೊಡುವುದಿಲ್ಲ. ಉಗುರು, ಕೂದಲುಗಳಿಗಿರುವ ಭಾಗ್ಯ ಹಲ್ಲಿಗಿಲ್ಲ.

ಇನ್ನು ಬಿಳುಪು ಹೇಗೆ ಬರುತ್ತದೆ? ನನ್ನ ತರಗತಿಯಲ್ಲಿ ಕುಳಿತವರಿಗೆ ಹೈಡ್ರೊಜನ್ ಪೆರಾಕ್ಸೈಡಿನ ನೆನಪಿರಬೇಕು. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದೊಡನೆ ನೊರೆನೊರೆಯಾಗಿ ಆಮ್ಲಜನಕ ಬಿಡುತ್ತಿದ್ದ ಆ ದ್ರವವೇ ಇಲ್ಲಿಯೂ ಕೆಲಸ ಮಾಡುವುದು. ಕೆಲವೆಡೆ ಅದನ್ನೇ ನೇರವಾಗಿ ಹಚ್ಚುತ್ತಾರೆ, ಕೆಲವೆಡೆ ಅದನ್ನು ಬಿಡುಗಡೆ ಮಾಡುವ ಕಾರ್ಬಮೈಡ್ ಪೆರಾಕ್ಸೈಡನ್ನು ಹಚ್ಚುತ್ತಾರೆ. ಅದು ಎನಾಮೆಲಿನೊಳಕ್ಕೆ ಇಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಅಷ್ಟು ಒಳಗೆ ಇಳಿಯಬಲ್ಲದ್ದು ಹಲ್ಲಿನ ನರವಿರುವ ತಿರುಳಿನವರೆಗೂ ಹೋಗಬಲ್ಲದು. ಚಿಕಿತ್ಸೆಯ ನಂತರ ಹಲ್ಲು ಜುಮ್ಮೆನ್ನುವುದು ಅದರಿಂದಲೇ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ.

ಐರೋಪ್ಯ ಒಕ್ಕೂಟದವರು ಈ ದ್ರವವನ್ನು ಹಗುರವಾಗಿ ಕಾಣಲಿಲ್ಲ. ಶೇಕಡಾ 0.1ಕ್ಕಿಂತ ಹೆಚ್ಚು, 6ರವರೆಗೆ ಪೆರಾಕ್ಸೈಡ್ ಇರುವ ಬಿಳುಪುಕಾರಕಗಳನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು, 18 ತುಂಬದವರಿಗೆ ಬಳಸಕೂಡದು ಎಂಬ ನಿಯಮ ಅಲ್ಲಿ 2012ರ ಅಕ್ಟೋಬರ್ 31ರಿಂದ ಜಾರಿಗೆ ಬಂದಿತು. ನಮ್ಮಲ್ಲಿಯೋ, ಮೊಬೈಲಿನ ಕಿರುಚಿತ್ರ ನೋಡಿ ಹೈಸ್ಕೂಲಿನ ಮಕ್ಕಳೇ ನಿಂಬೆಹಣ್ಣು, ಅಡಿಗೆಸೋಡ ಹಿಡಿದು ಕನ್ನಡಿಯ ಮುಂದೆ ನಿಲ್ಲುತ್ತಿದ್ದಾರೆ.

ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ಮದುವೆಗೆ ಮೂರು ದಿನವಿರುವಾಗ ಹಲ್ಲು ಬಿಳಿ ಮಾಡಿಸಿಕೊಂಡಳು. ಚಿಕಿತ್ಸಾಲಯದವರು ಅವಳಿಗೆ ರಸೀದಿ ಕೊಟ್ಟರು, ಮೊದಲು ಮತ್ತು ನಂತರದ ಫೋಟೋ ತೆಗೆದು ಕೊಟ್ಟರು. ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಒಂದು ಚೀಟಿ ಕೊಡಲಿಲ್ಲ. ಮರುದಿನ ಮನೆಯಲ್ಲಿ ಚಪ್ಪರದ ಊಟ. ನಮ್ಮ ಮದುವೆಯಡಿಗೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ: ಅರಿಶಿನದ ಚಿತ್ರಾನ್ನ, ಹುಣಸೆಯ ಸಾರು, ಕೇಸರಿಭಾತು, ಉಪ್ಪಿನಕಾಯಿ, ಗಂಟೆಗೊಮ್ಮೆ ಕಾಫಿ, ಕೊನೆಗೆ ಐಸ್‌ಕ್ರೀಮು, ಅದರ ಮೇಲೆ ಬೀಡ. ಬಿಳುಪು ಮಾಡಿಸಿದ ಹಲ್ಲಿಗೆ ಆಗದವೆಲ್ಲ ಒಂದೇ ಎಲೆಯಲ್ಲಿ! ಐಸ್‌ಕ್ರೀಮಿನ ಮೊದಲ ಚಮಚಕ್ಕೇ ಹುಡುಗಿ ದವಡೆ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಉಪ್ಪು, ಇದ್ದಿಲು ಸೇರಿಸಿ ಚೆನ್ನಾಗಿ ತಿಕ್ಕೆಂದು ಸಲಹೆ ಕೊಟ್ಟರು. ಅವಳು ತಿಕ್ಕಲಿಲ್ಲವೆಂಬುದು ನಮ್ಮ ಪುಣ್ಯ. ಆ ಸಂಕಟವನ್ನೆಲ್ಲ ತಪ್ಪಿಸಲು ಅರ್ಧ ಹಾಳೆಯ ಚೀಟಿ ಸಾಕಾಗಿತ್ತು.

ಆ ಚೀಟಿಯನ್ನು ನಾನೇ ಇಲ್ಲಿ ಬರೆಯುತ್ತೇನೆ. ಮೊದಲ ಎರಡು ದಿನ ಬಣ್ಣ ಬಿಡುವ ಪದಾರ್ಥಗಳು ಬೇಡವೆಂಬುದು ದಂತವೈದ್ಯರು ಸಾಮಾನ್ಯವಾಗಿ ಹೇಳುವ ಮಾತು. ಕಾಫಿ, ಚಹ, ಅರಿಶಿನ, ಬೀಟ್‌ರೂಟ್, ದ್ರಾಕ್ಷಿರಸ, ಎಲೆಅಡಿಕೆ ಇವೆಲ್ಲ ಆ ಪಟ್ಟಿಯಲ್ಲಿವೆ. ಮೊಸರನ್ನ, ಇಡ್ಲಿ, ತೆಂಗಿನಕಾಯಿ ಚಟ್ನಿ, ಹಾಲು, ಬಾಳೆಹಣ್ಣುಗಳಲ್ಲಿ ಎರಡು ದಿನ ಕಳೆಯುವುದು ನಮ್ಮವರಿಗೆ ಕಷ್ಟವಾಗಲಾರದು. ಹೊಗೆಸೊಪ್ಪು, ಗುಟ್ಕಾಗಳಿಗೆ ಎರಡು ದಿನದ ಲೆಕ್ಕವಿಲ್ಲ, ಅವು ಎಂದೆಂದಿಗೂ ಬೇಡ. ಹಲ್ಲಿನ ಕಲೆ ಅವು ಮಾಡುವ ಕೇಡುಗಳಲ್ಲಿ ಅತ್ಯಂತ ಸಣ್ಣದು. ಅತಿ ತಣ್ಣಗಿನದು, ಅತಿ ಬಿಸಿಯದು ಕೆಲವು ದಿನ ದೂರವಿರಲಿ. ಜುಮ್ಮೆನ್ನುವ ಹಲ್ಲಿಗೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟು ಸಿಗುತ್ತದೆ, ಅದು ನರದ ಚುರುಕನ್ನು ತಗ್ಗಿಸುತ್ತದೆ. ಎರಡು ವಾರವಾದರೂ ನೋವು ಇಳಿಯದಿದ್ದರೆ ಅಥವಾ ನಿದ್ದೆಗೆಡಿಸುವಷ್ಟಿದ್ದರೆ ದಂತವೈದ್ಯರ ಬಳಿಗೆ ಹೋಗಲೇಬೇಕು.

ಬ್ರಶ್ ಮೃದುವಾಗಿರಲಿ, ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ, ದಿನಕ್ಕೆರಡು ಸಲ ಎರಡೆರಡು ನಿಮಿಷ ಉಜ್ಜಿರಿ. ಇದ್ದಿಲು, ಬೂದಿ, ಇಟ್ಟಿಗೆಪುಡಿ, ಹರಳುಪ್ಪು ಇವು ಹಲ್ಲನ್ನು ಬಿಳಿ ಮಾಡುವುದು ಉಪ್ಪುಕಾಗದ ಮರವನ್ನು ನುಣುಪು ಮಾಡಿದ ಹಾಗೆ, ಸವೆಸಿ! ನಿಂಬೆರಸದ ಪಿಎಚ್ ಎರಡರ ಆಸುಪಾಸು. ಎನಾಮೆಲು ಸುಮಾರು 5.5ರ ಕೆಳಗೇ ಕರಗತೊಡಗುತ್ತದೆ. ಹುಳಿ ತಿಂದೊಡನೆ ಬ್ರಶ್ ಹಿಡಿಯಬೇಡಿ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಮುಕ್ಕಳಿಸುವ ಔಷಧಗಳಲ್ಲಿ ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ, ಬಹುಕಾಲ ಬಳಸಿದರೆ ಅದೇ ಕಂದು ಕಲೆ ಕಟ್ಟುತ್ತದೆ. ಬಿಳುಪು ಶಾಶ್ವತವಲ್ಲ, ತಿಂಗಳುಗಳಲ್ಲೋ ಒಂದೆರಡು ವರ್ಷಗಳಲ್ಲೋ ಮಾಸುತ್ತದೆ. ಮಾಸಿತೆಂದು ಮನೆಯಲ್ಲೇ ಮತ್ತೆ ಮತ್ತೆ ಹಚ್ಚಿಕೊಳ್ಳುವುದು ತಲೆಬೇನೆಗೆ ದಿನವೂ ಮಾತ್ರೆ ನುಂಗುವಷ್ಟೇ ಅವಿವೇಕ.

"ನನ್ನ ಹಲ್ಲು, ನನ್ನ ಹಣ, ನಿಮಗೇನು ಕಷ್ಟ ಮೇಷ್ಟ್ರೇ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಲೆಗಟ್ಟಿದ ಹಲ್ಲಿನಿಂದ ಸಂಕೋಚಪಟ್ಟು ಬಾಯಿಗೆ ಕೈಯಡ್ಡ ಹಿಡಿದು ನಗುತ್ತಿದ್ದ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಅವರು ಬಿಚ್ಚುಮನದಿಂದ ನಗುವಂತಾದರೆ ನನಗಿಂತ ಸಂತೋಷಪಡುವವರಾರು? ಆದರೆ ಆ ಸಂಕೋಚವನ್ನು ಹುಟ್ಟಿಸಿದವರು ಯಾರೆಂಬುದನ್ನೂ ಕೇಳಬೇಕಾಗುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವ ಹಳ್ಳಿಗಳಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವ ವೇಳೆಗೆ ಅಂಥ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಬಿಳಿ, ಕಂದು ಮಚ್ಚೆಗಳು ಮೂಡುತ್ತವೆ. ಪೇಸ್ಟಿನಲ್ಲಿ ಮಿತವಾಗಿದ್ದು ಹಲ್ಲನ್ನು ಕಾಯುವ ವಸ್ತುವೇ ನೀರಿನಲ್ಲಿ ಅತಿಯಾಗಿ ಹಲ್ಲನ್ನು ಕೆಡಿಸುವ ಪರಿ ಇದು. ಅಂಥ ಊರಿನ ಹೆಣ್ಣುಮಗಳನ್ನು ನೋಡಲು ಬಂದು, ಉಪ್ಪಿಟ್ಟು ತಿಂದು, ಹಲ್ಲು ಚೆನ್ನಾಗಿಲ್ಲವೆಂದು ಎದ್ದು ಹೋಗುವ ಹಿರಿಯರು ಇಂದಿಗೂ ಇದ್ದಾರೆ. ಆ ತಂದೆ ಸಾಲ ಮಾಡಿ ಮಗಳ ಹಲ್ಲು ಬಿಳಿ ಮಾಡಿಸಲು ಓಡುತ್ತಾನೆ. ಆ ಮಚ್ಚೆಗಳು ಬರಿಯ ಪೆರಾಕ್ಸೈಡಿಗೆ ಪೂರ್ತಿ ಹೋಗುವುದಿಲ್ಲ, ಬಿಳಿಯ ಮಚ್ಚೆಗಳು ಮೊದಮೊದಲು ಇನ್ನೂ ಎದ್ದು ಕಾಣುವುದುಂಟು ಎಂದು ಅವನಿಗೆ ಯಾರೂ ಮುಂಚೆ ಹೇಳಿರುವುದಿಲ್ಲ. ನೀರು ಮಾಡಿದ ಅಪರಾಧಕ್ಕೆ ಹುಡುಗಿಗೆ ದಂಡ, ಆ ದಂಡದ ಮೇಲೆ ಅಂಗಡಿಗೆ ಲಾಭ. ನಮ್ಮ ಬಂಧುಗಳಲ್ಲಿ ಯಾರಾದರೂ ಇನ್ನು ಮುಂದೆ ಹೆಣ್ಣಿನ ಹಲ್ಲು ಎಣಿಸಲು ಹೊರಟರೆ ನನ್ನನ್ನು ಜೊತೆಗೆ ಕರೆಯಬೇಡಿರಿ!

ಹಣ ಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿರಿ. ಹುಳುಕು ಹಲ್ಲು, ವಸಡಿನ ರೋಗಗಳನ್ನು ಮೊದಲು ಪರೀಕ್ಷಿಸುವಿರಾ? ಕ್ಯಾಪ್ ಹಾಕಿದ, ಸಿಮೆಂಟ್ ತುಂಬಿದ ಹಲ್ಲುಗಳ ಬಣ್ಣ ಬದಲಾಗುವುದಿಲ್ಲವಲ್ಲ, ಅವು ಬೇರೆಯಾಗಿ ಕಂಡರೆ ಏನು ಮಾಡುವಿರಿ? ಹಚ್ಚುವ ದ್ರವ್ಯ ಯಾವುದು, ಎಷ್ಟು ಪ್ರಬಲ? ಆಮೇಲಿನ ಆರೈಕೆಯನ್ನು ಬರೆದು ಕೊಡುವಿರಾ? ಒಳ್ಳೆಯ ದಂತವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಅಂಥವರು ನೀವು ಕೇಳುವ ಮೊದಲೇ ಹೇಳಿರುತ್ತಾರೆ. ಬೇಸರಿಸುವವರ ಕುರ್ಚಿಯಿಂದ ನಿಸ್ಸಂಕೋಚವಾಗಿ ಎದ್ದು ಬನ್ನಿರಿ. ಮದುವೆ ಹತ್ತಿರವಿದ್ದರೆ ಕನಿಷ್ಠ ಎರಡು ಮೂರು ವಾರ ಮೊದಲೇ ಮುಗಿಸಿಕೊಳ್ಳಿ. ಗರ್ಭಿಣಿಯರು ಮುಂದೂಡುವುದು ಲೇಸು.

ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆ ನಿಮಗೆಲ್ಲ ಗೊತ್ತು. ಕಡಲೆ ಈಗ ಎಲ್ಲರ ಮನೆಯಲ್ಲೂ ಇದೆ. ಅರವತ್ತು ದಾಟಿದ ಮೇಲೂ ಅದನ್ನು ಕಟಕಟನೆ ಅಗಿಯುವ ಹಲ್ಲು ನಿಮ್ಮದಾಗಿರಲಿ. ಅದರ ಬಣ್ಣ ತುಸು ಹಳದಿಯಾದರೂ ಚಿಂತೆಯಿಲ್ಲ.