ಈಜುಗಾರನಿಗೆ ಕುರ್ಚಿ ಕೊಟ್ಟರೆ...

ನಮ್ಮ ಸಾಸವಡದಲ್ಲಿ ತಹಸೀಲ್ದಾರ್ ಕಚೇರಿ ಅಂದರೆ ಏನು ಅಂತ ಇಲ್ಲಿ ಬಾಳ್ವೆ ಮಾಡಿದವರಿಗೇ ಗೊತ್ತು. ಪುರಂದರ ತಾಲೂಕಿನ ಹಳ್ಳಿಹಳ್ಳಿಯ ಜನ ಸಾತಬಾರಾ ಉತಾರಕ್ಕೆ, ಆದಾಯದ ದಾಖಲೆಗೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಅದೇ ಬಾಗಿಲು ತಟ್ಟಬೇಕು. ವಾರಿ ಬಂತೆಂದರೆ ಜ್ಞಾನೇಶ್ವರ ಪಾಲಖಿಯ ವ್ಯವಸ್ಥೆಯೂ ಅವರ ತಲೆಗೇ. ಅಂಥ ಕುರ್ಚಿಯಲ್ಲಿ ಕೂತವನು ಬೆಳಿಗ್ಗೆ ಸಂಜೆ ಕೊಳಕ್ಕಿಳಿದು ಏಷ್ಯಾದ ವೇಗದ ಈಜುಗಾರರ ಜೊತೆ ಸೆಣಸಬೇಕು ಅಂದರೆ ನೀವೇ ಹೇಳಿ, ಆಗುವ ಮಾತೇ ಅದು?

ವೀರಧವಲ ಖಾಡೆ ಎಂಬ ಕೊಲ್ಲಾಪುರದ ಹುಡುಗನಿಗೆ ಮಹಾರಾಷ್ಟ್ರ ಸರಕಾರ ಕೊಟ್ಟ ಬಹುಮಾನ ಈ ಕುರ್ಚಿ. ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕೊಟ್ಟ ಹೊತ್ತು ತಪ್ಪು ಅಂತ ನನ್ನ ಅಭಿಪ್ರಾಯ.

ಈತನ ಕತೆಯಲ್ಲಿ ನಮ್ಮಂಥವರಿಗೆ ಒಂದು ತಮಾಷೆ ಇದೆ. ನಾವು ಕನ್ನಡದವರು ಹೊಟ್ಟೆಪಾಡಿಗೆ ಪುಣೆಯ ಬಸ್ಸು ಹತ್ತಿದರೆ, ಈ ಮರಾಠಿ ಹುಡುಗ ಈಜು ಕಲಿಯಲು ಬೆಂಗಳೂರಿನ ಬಸ್ಸು ಹತ್ತಿದ! ಅಲ್ಲಿ ನಿಹಾರ್ ಅಮೀನ್ ಅವರ ಕೈಯಲ್ಲಿ ಪಳಗಿ, 2008ರ ಬೀಜಿಂಗ್ ಒಲಿಂಪಿಕ್ಸಿಗೆ ಹೋದಾಗ ಅವನಿಗೆ ಇನ್ನೂ ಹದಿನಾರು. 100 ಮೀಟರ್ ಫ್ರೀಸ್ಟೈಲಿನಲ್ಲಿ ತನ್ನ ಹೀಟ್ ಗೆದ್ದ, ಸೆಮಿಫೈನಲ್ ಮಾತ್ರ ಸಿಗಲಿಲ್ಲ. ಅದೇ ವರ್ಷ ಇಲ್ಲೇ ಬಾಲೇವಾಡಿಯಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ. 2010ರಲ್ಲಿ ಗ್ವಾಂಗ್‌ಝೌ ಏಷ್ಯಾಡ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ತಂದ ಮೇಲೆ ಈಜಿನಲ್ಲಿ ನಮಗೆ ಏಷ್ಯಾಡ್ ಪದಕ ಬಂದದ್ದು ಆಗಲೇ. ಇಪ್ಪತ್ತನಾಲ್ಕು ವರ್ಷ ಸ್ವಾಮೀ!

ಆಮೇಲೆ ನೌಕರಿ. ತಹಸೀಲ್ದಾರ್. ಮಾಲವಣದಲ್ಲೂ ಕೆಲಸ ಮಾಡಿದ. ಕೊಂಕಣದಲ್ಲಿ ಇಡೀ ಅರಬ್ಬೀ ಸಮುದ್ರವೇ ಇದೆಯಲ್ಲ ಅಂತ ಯಾರಾದರೂ ಅನ್ನಬಹುದು. ಸಮುದ್ರದಲ್ಲಿ ಗೆರೆ ಎಳೆದ 50 ಮೀಟರ್ ಇರುವುದಿಲ್ಲವಲ್ಲ. ಇಪ್ಪತ್ತರಿಂದ ಇಪ್ಪತ್ತಾರರ ತನಕ, ಸ್ಪ್ರಿಂಟ್ ಈಜುಗಾರನ ಮೈ ಕಸುವು ತುಂಬಿಕೊಳ್ಳುವ ಹೊತ್ತಿನಲ್ಲಿ, ಅಂತರರಾಷ್ಟ್ರೀಯ ಕೂಟಗಳಲ್ಲಿ ಅವನ ಹೆಸರು ಹೆಚ್ಚುಕಡಿಮೆ ಕಾಣೆಯಾಯಿತು.

ನಾನು ಬಿಕಾಂ ಓದಿದವನು, ಈಜಿನ ಶಾಸ್ತ್ರ ಗೊತ್ತಿಲ್ಲ, ಲೆಕ್ಕ ಗೊತ್ತು. 50 ಮೀಟರ್ ಫ್ರೀಸ್ಟೈಲ್ ಅಂದರೆ ಕೊಳದ ಒಂದೇ ಉದ್ದ. ತಿರುವಿಲ್ಲ, ತಪ್ಪಾದರೆ ಸರಿಪಡಿಸಿಕೊಳ್ಳಲು ಸಮಯವಿಲ್ಲ, ಉಸಿರು ತೆಗೆದುಕೊಳ್ಳಲು ತಲೆ ಹೊರಳಿಸಿದರೂ ವೇಗಕ್ಕೆ ಪೆಟ್ಟು. ಈಗ 2018ರ ಜಕಾರ್ತ ಏಷ್ಯಾಡ್ ನೋಡಿ. ಮತ್ತೆ ತಯಾರಿ ಮಾಡಿಕೊಂಡು ಬಂದ ಖಾಡೆ ಬೆಳಗಿನ ಹೀಟ್‌ನಲ್ಲಿ 22.43 ಸೆಕೆಂಡು ಈಜಿ ತನ್ನದೇ ರಾಷ್ಟ್ರೀಯ ದಾಖಲೆ ಮುರಿದ. ಸಂಜೆಯ ಫೈನಲ್‌ನಲ್ಲಿ 22.47. ಕಂಚು ಗೆದ್ದ ಜಪಾನಿನ ಶುನಿಚಿ ನಕಾವೊ 22.46. ನೂರರಲ್ಲಿ ಒಂದು ಸೆಕೆಂಡು! ಐವತ್ತು ಮೀಟರನ್ನು 22.47ರಿಂದ ಭಾಗಿಸಿ, ಆ ನೂರನೇ ಒಂದಕ್ಕೆ ಲೆಕ್ಕ ಹಾಕಿದರೆ ಬರುವುದು ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಬ್ಯಾಂಕಿನ ರಬ್ಬರ್ ಸ್ಟಾಂಪಿನ ಅಗಲವೂ ಇದಕ್ಕಿಂತ ಜಾಸ್ತಿ. ಬೆಳಿಗ್ಗೆ ಈಜಿದ್ದನ್ನೇ ಸಂಜೆ ಈಜಿದ್ದರೂ ಪದಕ ಅವನದೇ ಆಗಿತ್ತು.

ಅವನು ಮುರಿದ ಹಳೆಯ ದಾಖಲೆ 22.52, ಅದು 2009ರದ್ದು. ಆಗ ಮೈಗೆ ಅಂಟುವ ವಿಶೇಷ ಸೂಟುಗಳ ಕಾಲ, 2010ರಿಂದ ಅವು ನಿಷಿದ್ಧ. ಸೂಟಿಲ್ಲದೆ, ನಡುವೆ ವರ್ಷಗಟ್ಟಲೆ ಕಡತ ತಿರುವಿ ಹಾಕಿ ಬಂದೂ ಅದನ್ನು ದಾಟಿದ ಅಂದರೆ, ಕಡತಗಳಿಲ್ಲದೆ ಏನಾಗಬಹುದಿತ್ತು? ಟೋಕಿಯೊ ಒಲಿಂಪಿಕ್ಸಿನ ನೇರ ಅರ್ಹತೆಗೆ ಬೇಕಿದ್ದದ್ದು 22.01. ಅಲ್ಲಿಗೆ ಮುಟ್ಟುತ್ತಿದ್ದ ಅಂತ ನಾನು ಆಣೆ ಹಾಕಿ ಹೇಳಲಾರೆ. ಅಮೆರಿಕದ ಆಂಥೊನಿ ಎರ್ವಿನ್ 2000ದಲ್ಲಿ ಇದೇ 50 ಮೀಟರಿನ ಚಿನ್ನ ಗೆದ್ದು, ಈಜು ಬಿಟ್ಟು, ಮರಳಿ ಬಂದು 2016ರಲ್ಲಿ ಮೂವತ್ತೈದರ ವಯಸ್ಸಿನಲ್ಲಿ ಮತ್ತೆ ಚಿನ್ನ ಗೆದ್ದ. ಹೌದು, ಅಂಥದ್ದೂ ಆಗುತ್ತದೆ. ಎಲ್ಲರೂ ಎರ್ವಿನ್ ಅಲ್ಲ.

ಇನ್ನು ನೌಕರಿ ಕೊಡಲೇಬಾರದೇ? ಹಾಗಲ್ಲ. ಮಧ್ಯಮ ವರ್ಗದ ಅಪ್ಪ ಅಮ್ಮ ಮಗನನ್ನು ನೀರಿಗೆ ಬಿಡುವುದೇ ಕೊನೆಗೆ ಒಂದು ಸರಕಾರಿ ನೌಕರಿಯಾದರೂ ಸಿಗುತ್ತೆ ಎಂಬ ಧೈರ್ಯದ ಮೇಲೆ. ನಮ್ಮ ಬೆಂಗಳೂರಿನ ಶಿಖಾ ಟಂಡನ್ 2004ರ ಅಥೆನ್ಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಈಜಿದವಳು. ಆಮೇಲೆ ಅಮೆರಿಕಕ್ಕೆ ಓದಲು ಹೋಗಿ ಅಲ್ಲೇ ದಾರಿ ಹುಡುಕಿಕೊಂಡಳು. ಎಲ್ಲರಿಗೂ ಅದು ಸಾಧ್ಯವೇ? ಅತ್ತ ತಹಸೀಲ್ದಾರರು ಈಜಲು ಹೋಗಿದ್ದಾರೆ ಅಂತ ರೈತನನ್ನು ಕಚೇರಿಯ ಮೆಟ್ಟಿಲ ಮೇಲೆ ಕೂರಿಸುವುದೂ ಅನ್ಯಾಯವೇ.

ಬ್ಯಾಂಕುಗಳಲ್ಲಿ ಕ್ರೀಡಾ ಕೋಟಾ ಹೇಗಿತ್ತು ಅಂತ ಹಳಬರಿಗೆ ನೆನಪಿರಬಹುದು. ಬೆಂಗಳೂರಿನ ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಎಂಥ ಹೆಸರಿತ್ತು! (2019ರಲ್ಲಿ ಆ ಬ್ಯಾಂಕೇ ವಿಲೀನವಾಯಿತು, ಬಿಡಿ.) ಆದರೆ ನಾನು ದುಡಿದ ಒಂದು ಶಾಖೆಗೆ ಕೋಟಾದಲ್ಲಿ ಬಂದ ಒಬ್ಬ ಕಬಡ್ಡಿ ಹುಡುಗನನ್ನು ಮೇಲಿನವರು ಮೊದಲನೇ ತಿಂಗಳೇ ಕ್ಯಾಷ್ ಕೌಂಟರಿಗೆ ಕೂರಿಸಿದರು. ಅಭ್ಯಾಸಕ್ಕೆ ರಜೆ ಕೇಳಿದಾಗಲೆಲ್ಲ ಮಾರ್ಚ್ ಕ್ಲೋಸಿಂಗ್, ಇಲ್ಲವೇ ಆಡಿಟ್. ಮೂರನೇ ವರ್ಷಕ್ಕೆ ಅವನು ಒಳ್ಳೆಯ ಕ್ಯಾಷಿಯರ್ ಆಗಿದ್ದ, ಕಬಡ್ಡಿ ಹೋಗಿತ್ತು.

ಅದಕ್ಕೇ ನಾನು ಹೇಳುವುದು: ಹುದ್ದೆ ಕೊಡಿ, ಪಗಾರ ಕೊಡಿ, ಸೇವಾ ಹಿರಿತನವನ್ನೂ ಎಣಿಸಿ, ಚಾರ್ಜ್ ಮಾತ್ರ ಆಟ ಮುಗಿದ ಮೇಲೆ ವಹಿಸಿ. ಅಲ್ಲಿಯವರೆಗೆ ಕೊಳಕ್ಕೆ ಹೋದ ದಿನವೇ ಡ್ಯೂಟಿ ಅಂತ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ತಾಲೂಕಿಗೆ ಬೇರೊಬ್ಬ ಅಧಿಕಾರಿ ಸಿಗುತ್ತಾನೆ. 22.43 ಈಜುವವನು ಎಲ್ಲಿ ಸಿಗುತ್ತಾನೆ?

2020ರ ಜೂನ್‌ನಲ್ಲಿ, ಲಾಕ್‌ಡೌನ್‌ನಿಂದ ಕೊಳಗಳೆಲ್ಲ ಮುಚ್ಚಿದ್ದಾಗ, ಹೀಗೇ ಆದರೆ ನಿವೃತ್ತಿಯ ಯೋಚನೆ ಮಾಡಬೇಕಾದೀತು ಅಂತ ಖಾಡೆ ಟ್ವೀಟ್ ಮಾಡಿದ್ದ. ಆದರೂ ಇನ್ನೂ ಮೂರು ವರ್ಷ ಈಜಿದ. 2023ರಲ್ಲಿ, ಮೂವತ್ತೆರಡನೇ ವಯಸ್ಸಿನಲ್ಲಿ, ಗೋವಾದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅದೇ 50 ಮೀಟರ್ ಫ್ರೀಸ್ಟೈಲಿನ ಚಿನ್ನ ಗೆದ್ದು ವಿದಾಯ ಹೇಳಿದ. ಅವನಿಗಿಂತ ಎಷ್ಟೋ ಚಿಕ್ಕ ಹುಡುಗರು ಅಂದೂ ಅವನ ಹಿಂದೆಯೇ ಗೋಡೆ ಮುಟ್ಟಿದರು.