ಗೋಮುಖಕ್ಕೆ ಎರಡನೆಯ ಸಲ ಹೋದವರ ಗೊಣಗು

ಗೋಮುಖಕ್ಕೆ ಮೊದಲ ಸಲ ಹೋಗಿ ಬಂದವರು ಬೆರಗಿನಿಂದ ಮಾತಾಡುತ್ತಾರೆ. ಹತ್ತು ವರ್ಷ ಬಿಟ್ಟು ಮತ್ತೆ ಹೋದವರು ಗೊಣಗುತ್ತಾರೆ. ಹಿಮನದಿ ಹಿಂದೆ ಸರಿದಿದೆ, ದಾರಿಯಲ್ಲಿ ಪ್ಲಾಸ್ಟಿಕ್ ಬಿದ್ದಿದೆ, ಗಂಗೋತ್ರಿ ಪೇಟೆ ಗಿಜಿಗುಡುತ್ತಿದೆ. ದಿಲ್ಲಿ, ಪುಣೆ, ಮುಂಬೈಗಳ ಚಾರಣಿಗರ ಬಳಗದಲ್ಲಿ ಈ ದುಃಖಕ್ಕೆ ಒಂದು ತೀರ್ಪೂ ಸಿದ್ಧವಿದೆ: ಎಲ್ಲ ಕೆಡಿಸಿದವರು ಯಾತ್ರಿಕರು. ರಬ್ಬರ್ ಚಪ್ಪಲಿ ಮೆಟ್ಟಿ, ಕ್ಯಾನಿನಲ್ಲಿ ಗಂಗಾಜಲ ಹೊತ್ತು ಇಳಿಯುವ ಆ ಜನ. ಈ ತೀರ್ಪು ಸುಳ್ಳು. ಹೇಳುವವರಿಗೆ ತೀರಾ ಅನುಕೂಲವಾದ ಸುಳ್ಳು.

ಗಂಗೋತ್ರಿ ಹಿಮನದಿ ಸುಮಾರು 30 ಕಿಲೋಮೀಟರ್ ಉದ್ದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ.ಬಿ. ಆಡೆನ್ ಅದರ ಮೂತಿಯನ್ನು ಅಳೆದು ನಕ್ಷೆ ಮಾಡಿದ್ದು 1935ರಲ್ಲಿ. ಅಲ್ಲಿಂದ 1996ರವರೆಗೆ ಅದು ಒಂದು ಕಿಲೋಮೀಟರಿಗೂ ಹೆಚ್ಚು, ಅಂದರೆ ವರ್ಷಕ್ಕೆ ಸರಾಸರಿ 19 ಮೀಟರಿನಷ್ಟು, ಹಿಂದೆ ಸರಿಯಿತು. ಒಂದು ಕಾಲಕ್ಕೆ ಅದನ್ನು ಬಂದು ಕೂಡುತ್ತಿದ್ದ ರಕ್ತವರ್ಣ ಹಿಮನದಿ ಈಗ ಕಡಿದುಕೊಂಡು ದೂರ ನಿಂತಿದೆ. ಇದು ಯಾತ್ರಿಕರ ಚಪ್ಪಲಿ ಮಾಡಿದ ಕೆಲಸವಲ್ಲ, ಬಿಸಿಯೇರಿದ ಗಾಳಿಯ ಕೆಲಸ. ಅದರ ಜೊತೆಗೆ ಮಸಿಯೂ ಇದೆ. ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು 2016ರಲ್ಲಿ ಚೀರ್‌ಬಾಸಾದಲ್ಲಿ ಗಾಳಿಯನ್ನು ಅಳೆದಾಗ, ಅತಿ ಕಡಿಮೆಯಿದ್ದ ದಿನಗಳಿಗಿಂತ ಬೇಸಿಗೆಯಲ್ಲಿ ಕರಿಮಸಿ ನೂರಾರು ಪಟ್ಟು ಏರಿದ್ದು ಕಂಡಿತು. ಕಾಳ್ಗಿಚ್ಚು ಮತ್ತು ಕೃಷಿ ತ್ಯಾಜ್ಯದ ಬೆಂಕಿಯ ಕಡೆಗೆ ಅವರು ಬೆರಳು ತೋರಿಸಿದರು.

ಇನ್ನು ಕಾಲುದಾರಿ. ಗಂಗೋತ್ರಿಯಿಂದ ಗೋಮುಖಕ್ಕೆ 18 ಕಿಲೋಮೀಟರ್. ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ 150 ಜನರಿಗೆ ಮಾತ್ರ ಪರವಾನಗಿ. ಕನ್ಖು ಚೌಕಿಯಲ್ಲಿ ಚೀಟಿ ತೋರಿಸದೆ ಮುಂದೆ ಬಿಡುವುದಿಲ್ಲ. ಉರುವಲಿಗೆಂದು ಕಡಿದು ಬೋಳಾಗಿದ್ದ ಭೋಜ್‌ಬಾಸಾದ ಸುತ್ತ 1990ರ ದಶಕದಲ್ಲಿ ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಭೂರ್ಜದ ಸಸಿ ನೆಟ್ಟು ಬೆಳೆಸಲು ಹೊರಟರು. ಅಂದರೆ ಈ ಕಣಿವೆಯಲ್ಲಿ ಒಂದಿಷ್ಟು ಹತೋಟಿಯಲ್ಲಿರುವುದು ಈ 18 ಕಿಲೋಮೀಟರ್ ಮಾತ್ರ. ಮರಳಿ ಬಂದ ಚಾರಣಿಗನ ಕಣ್ಣು ಅಲ್ಲೇ ಕಸ ಹುಡುಕುತ್ತದೆ, ಅದಕ್ಕೆ ಮುಂಚಿನ ದಾರಿಯುದ್ದಕ್ಕೂ ಕಾರಿನಲ್ಲಿ ನಿದ್ದೆ ಮಾಡಿರುತ್ತದೆ.

ಆ ನಿದ್ದೆಯೇ ಇಲ್ಲಿಯ ತಕರಾರು. ಗೋಮುಖದಿಂದ ಉತ್ತರಕಾಶಿಯವರೆಗಿನ ಸುಮಾರು 100 ಕಿಲೋಮೀಟರ್ ಭಾಗೀರಥಿ ಕಣಿವೆಯನ್ನು 2012ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಯಿತು. ಅದೇ ಕಣಿವೆಯಲ್ಲಿ ಈಗ ಚಾರ್‌ಧಾಮ್ ರಸ್ತೆಯ ಅಗಲೀಕರಣದ ಸರದಿ. ಸಾವಿರಾರು ದೇವದಾರು ಮರಗಳು ಅದರ ದಾರಿಯಲ್ಲಿ ನಿಂತಿವೆ. ಮೇಲೆ ಕಾಲುನಡಿಗೆಯವರಿಗೆ 150ರ ಮಿತಿಯಿಟ್ಟು, ಕೆಳಗೆ ಇನ್ನಷ್ಟು ವಾಹನಗಳಿಗೆ ಬಾಗಿಲು ಅಗಲ ಮಾಡುವುದು ಯಾವ ನೀತಿ? ಈ ಪ್ರಶ್ನೆಯನ್ನು ಬಳಗ ಕೇಳುವುದಿಲ್ಲ. ಯಾಕೆಂದರೆ ಶುಕ್ರವಾರ ರಾತ್ರಿ ದಿಲ್ಲಿ ಬಿಟ್ಟು ಆದಷ್ಟು ಬೇಗ ಗಂಗೋತ್ರಿ ಮುಟ್ಟಬೇಕೆನ್ನುವವರಿಗೆ ರಸ್ತೆ ಅಗಲವಾದಷ್ಟೂ ಒಳ್ಳೆಯದೇ. ಹಿಮನದಿ ಹಳೆಯದಾಗಿಯೇ ಇರಬೇಕು, ದಾರಿ ಮಾತ್ರ ಹೊಸದಾಗಬೇಕು!

ಸೇನೆಗೆ ರಸ್ತೆ ಬೇಡವೇ ಎಂಬ ಮಾತು ಬರುತ್ತದೆ, ಬರಬೇಕು ಕೂಡ. ನೇಲಾಂಗ್ ಕಣಿವೆಯ ಆಚೆ ಗಡಿಯಿದೆ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅಗಲ ರಸ್ತೆಗೆ ಒಪ್ಪಿದ್ದೂ ಇದೇ ಕಾರಣಕ್ಕೆ. ಆದರೆ ಗುಡ್ಡದ ಬುಡ ಕಡಿದು ಅಗಲ ಮಾಡಿದ ರಸ್ತೆ ಮಳೆಗಾಲದಲ್ಲಿ ಕುಸಿದು ಮುಚ್ಚಿಹೋದರೆ ಸೇನೆಯ ಲಾರಿಯೂ ನಿಲ್ಲುತ್ತದೆ. ಗಡಿಗೆ ಬೇಕಾದದ್ದು ವರ್ಷವಿಡೀ ತೆರೆದಿರುವ ರಸ್ತೆ. ಬರೀ ಅಗಲದಿಂದ ಅದು ಸಿಗುವುದಿಲ್ಲ.

ಸ್ಥಳೀಯರ ಹೊಟ್ಟೆಪಾಡಿನ ಮಾತು ಇನ್ನೂ ಗಟ್ಟಿಯಾದದ್ದು. ವರ್ಷದಲ್ಲಿ ಆರು ತಿಂಗಳ ಯಾತ್ರೆಯೇ ಅವರ ಸಂಪಾದನೆ. ಆದರೆ 2025ರ ಆಗಸ್ಟ್ 5ರಂದು ಧರಾಲಿಯಲ್ಲಿ ಆದದ್ದೇನು? ಖೀರ್ ಗಂಗಾ ಹಳ್ಳ ಕಲ್ಲುಮಣ್ಣು ಹೊತ್ತು ಬಂದು ಹೋಟೆಲು, ಅಂಗಡಿ, ಮನೆಗಳನ್ನು ನೋಡನೋಡುತ್ತಲೇ ಹೂತುಹಾಕಿತು. ಆ ಹಳ್ಳವೇ ಹಿಂದೆ ತಂದು ಸುರಿದ ಮಣ್ಣಿನ ಮೇಲೆ ಪೇಟೆ ಬೆಳೆದಿತ್ತು. ಬರುವವರ ಸಂಖ್ಯೆ ಏರಿದಂತೆ ಕಟ್ಟಡಗಳು ಹಳ್ಳದ ಜಾಗಕ್ಕೇ ಇಳಿಯುತ್ತವೆ. ಲಾಭ ಹಂಚಿಹೋಗುತ್ತದೆ, ಸಾವು ಮಾತ್ರ ಊರಿನವರ ಪಾಲಿಗೆ ಮತ್ತು ಅಲ್ಲಿ ದುಡಿಯಲು ಬಂದ ಕೂಲಿಯವರ ಪಾಲಿಗೆ ಉಳಿಯುತ್ತದೆ.

ಎರಡನೆಯ ಸಲ ಹೋದವರು ಬೇಡದವರೇನಲ್ಲ. ಮೊದಲ ಸಲ ಹೋದವನಿಗೆ ಹಿಮನದಿ ಈಗಿರುವ ಜಾಗವೇ ಅದರ ಜಾಗ. ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂದು ಕಣ್ಣಾರೆ ಹೇಳಬಲ್ಲವರು ಮರಳಿ ಬಂದವರು ಮಾತ್ರ. ಸಾಕ್ಷಿ ಹೇಳಬೇಕಾದವರು ಗೊಣಗಿ ಸುಮ್ಮನಾಗುತ್ತಾರೆ ಎಂಬುದೇ ಇಲ್ಲಿಯ ದೂರು. 150ರ ಮಿತಿ ಏರಿಸಿ ಎಂದು ಅವರು ಕೇಳದಿರಲಿ. ಮೇಲಿನ ಮಿತಿಯಂತೆ ಕೆಳಗೆ ವಾಹನಗಳಿಗೂ ಮಿತಿ ಬೇಕೆಂದು ಕೇಳಲಿ. ಬಸ್ಸಿನಲ್ಲಿ ಹೋಗಲಿ, ಎರಡು ದಿನ ಹೆಚ್ಚು ರಜೆ ಹಾಕಲಿ, ಆ ದಿನಗಳ ಊಟ-ವಸತಿಯ ಹಣ ಕಣಿವೆಯ ಊರುಗಳಿಗೆ ಸಲ್ಲಲಿ. ದೇವದಾರುಗಳ ಪರವಾಗಿ ಸಹಿ ಕೇಳಿಕೊಂಡು ಯಾರಾದರೂ ಬಂದರೆ, ಗೋಮುಖದ ಫೋಟೊಗೆ ಮೆಚ್ಚುಗೆ ಒತ್ತಿದ ಬೆರಳಿನಿಂದಲೇ ಸಹಿಯನ್ನೂ ಹಾಕಲಿ. ಅಷ್ಟೂ ಆಗದಿದ್ದರೆ, ರಬ್ಬರ್ ಚಪ್ಪಲಿಯ ಯಾತ್ರಿಕನನ್ನು ಬಯ್ಯುವುದನ್ನಾದರೂ ನಿಲ್ಲಿಸಲಿ. ಅವನು 18 ಕಿಲೋಮೀಟರನ್ನು ಅವರಂತೆಯೇ ನಡೆದು ಹೋದವನು.